ಡಯಾಲಿಸಿಸ್‌ನವರೇ, ಮಾತ್ರೆಗಿಂತ ಸೋಪು ಮುಖ್ಯ

ಡಯಾಲಿಸಿಸ್‌ಗೆ ಹೋಗುವವರ ಮನೆಗೆ ಬಂದ ನೆಂಟರೆಲ್ಲ ಒಂದೊಂದು ಸಲಹೆ ಕೊಟ್ಟೇ ಹೋಗುತ್ತಾರೆ: ಸೋಂಕು ತಗಲಬಾರದೆಂದರೆ ವಿಟಮಿನ್ ಮಾತ್ರೆ ನುಂಗಿ, ನೆಲ್ಲಿಕಾಯಿ ರಸ ಕುಡಿಯಿರಿ. ಪ್ರೀತಿಯ ಮಾತೇ, ಆದರೆ ವೈದ್ಯರನ್ನು ಕೇಳದೆ ಪಾಲಿಸಬೇಡಿ. ಬಿ ಗುಂಪಿನ ವಿಟಮಿನ್‌ಗಳು ಮತ್ತು ಸಿ ಡಯಾಲಿಸಿಸ್‌ನಲ್ಲಿ ಸೋರಿಹೋಗುವುದು ನಿಜ. ಅದಕ್ಕೆಂದೇ ವೈದ್ಯರು ಬರೆದುಕೊಡುವ ಮಾತ್ರೆ ಬೇರೆ. ಅದನ್ನು ಡಯಾಲಿಸಿಸ್ ಮುಗಿದ ಮೇಲೆ ತೆಗೆದುಕೊಳ್ಳಿ, ಮುಂಚೆ ನುಂಗಿದರೆ ಯಂತ್ರದ ಪಾಲಾಗುತ್ತದೆ. ಅಂಗಡಿಯಲ್ಲಿ ಸಿಗುವ ಹಲವು ಮಲ್ಟಿವಿಟಮಿನ್‌ಗಳಲ್ಲಿ ವಿಟಮಿನ್ ಎ ಇರುತ್ತದೆ. ಅದು ಮೈಯಲ್ಲೇ ಉಳಿದು ವಿಷವಾಗಬಹುದು. ಸಿ ಅತಿಯಾದರೆ ಆಕ್ಸಲೇಟ್ ಶೇಖರವಾಗುತ್ತದೆ. ನೆಲ್ಲಿರಸಕ್ಕೆ ಪೊಟ್ಯಾಸಿಯಂ ಕಾಟ ಬೇರೆ.

ಸೋಂಕು ಹೆಚ್ಚಾಗಿ ನುಗ್ಗುವುದು ಸೂಜಿ ಚುಚ್ಚುವ ಜಾಗದಿಂದ, ಅದಕ್ಕಿಂತ ಹೆಚ್ಚಾಗಿ ಕತ್ತಿನ ಕ್ಯಾಥೆಟರ್‌ನಿಂದ. ಫಿಸ್ಟುಲಾ ಇರುವ ಕೈಯನ್ನು ಸೂಜಿ ಹಾಕಿಸಿಕೊಳ್ಳುವ ಮುನ್ನ ಸೋಪು ಹಚ್ಚಿ ತೊಳೆಯಿರಿ. ಕ್ಯಾಥೆಟರ್ ಇದ್ದರೆ ಚೊಂಬುಗಟ್ಟಲೆ ನೀರು ಸುರಿದುಕೊಳ್ಳುವ ಎಣ್ಣೆಸ್ನಾನ ಸದ್ಯಕ್ಕೆ ಬೇಡ. ಡ್ರೆಸ್ಸಿಂಗ್ ಒದ್ದೆಯಾದರೆ ತಡಮಾಡದೆ ಕೇಂದ್ರದವರಿಗೆ ತಿಳಿಸಿ. ಹೆಪಟೈಟಿಸ್ ಬಿ ಲಸಿಕೆ ಡಯಾಲಿಸಿಸ್‌ನವರಿಗೆ ಸಾಮಾನ್ಯರ ಎರಡರಷ್ಟು ಪ್ರಮಾಣದಲ್ಲಿ ಬೇಕು. ಫ್ಲೂ ಲಸಿಕೆ ವರ್ಷಕ್ಕೊಮ್ಮೆ. ಚಳಿ, ನಡುಕ, ಜ್ವರ ಬಂದರೆ ಪ್ಯಾರಾಸಿಟಮಾಲ್ ನುಂಗಿ ಮಲಗಬೇಡಿ, ಆ ಕ್ಷಣವೇ ಡಯಾಲಿಸಿಸ್ ಕೇಂದ್ರಕ್ಕೆ ಫೋನ್ ಮಾಡಿ.