ಹಳೆಯ ಕೋಳಾಂಬಿಗೆ ಮರಳಿ ಕಂಠ

ಜಾತ್ರೆಯ ಮೈದಾನದ ಮರದಲ್ಲಿ, ಮದುವೆಯ ಚಪ್ಪರದ ಕಂಬದಲ್ಲಿ, ಚುನಾವಣಾ ಪ್ರಚಾರದ ಜೀಪಿನ ಮೇಲೆ ಒಂದು ಕಾಲಕ್ಕೆ ತಪ್ಪದೆ ಕಾಣುತ್ತಿದ್ದ ವಸ್ತು ಹಾರ್ನ್ ಸ್ಪೀಕರು. ಪುಸ್ತಕದಲ್ಲಿ ನಾವು ಅದನ್ನು ಧ್ವನಿವರ್ಧಕವೆಂದು ಬರೆಯುತ್ತೇವೆ. ಮಾತಿನಲ್ಲಿ ಮಾತ್ರ ಅದು 'ಮೈಕು' ಎಂದೇ ರೂಢಿ. ವಯನಾಡಿನ ಮಲಯಾಳ ಮಾತಿನಲ್ಲಿ ಅದಕ್ಕೆ 'ಕೋಳಾಂಬಿ' ಎಂದು ಹೆಸರು. ಕೋಳಾಂಬಿಯೆಂದರೆ ತಾಂಬೂಲ ಉಗುಳುವ ಅಗಲ ಬಾಯಿಯ ಪಾತ್ರೆ, ಅಂದರೆ ಪೀಕದಾನಿ. ಅಂಗಳದಲ್ಲಿ ಬೆಳೆಯುವ ಒಂದು ಹಳದಿ ಹೂವಿನ ಗಿಡಕ್ಕೂ ಅದೇ ಹೆಸರುಂಟು. ಪಾತ್ರೆ, ಹೂವು, ಧ್ವನಿವರ್ಧಕ ಈ ಮೂರಕ್ಕೂ ಆಕಾರ ಒಂದೇ: ಕಿರಿದಾದ ಕತ್ತು, ಕ್ರಮೇಣ ಅರಳುವ ಬಾಯಿ.

ಈಗ ಸಭೆ ಸಮಾರಂಭಗಳಿಗೆ ಪೆಟ್ಟಿಗೆಯ ಸ್ಪೀಕರುಗಳು ಬಂದಿವೆ. ಹಳೆಯ ಹಾರ್ನುಗಳು ಎಷ್ಟೋ ಮನೆಗಳ ಅಟ್ಟ ಸೇರಿವೆ. ಇನ್ನೆಷ್ಟೋ ಗುಜರಿ ಅಂಗಡಿಯಲ್ಲಿ ಅಲ್ಯೂಮಿನಿಯಮ್ಮಿನ ತೂಕಕ್ಕೆ ಮಾರಾಟವಾಗಿವೆ. ಹೀಗೆ ತೂಕಕ್ಕೆ ಕೊಡುವ ಮೊದಲು ಆ ವಸ್ತುವಿನೊಳಗೆ ಎಂತಹ ಜಾಣ್ಮೆ ಅಡಗಿದೆ, ಕೆಟ್ಟುಹೋದದ್ದನ್ನು ಸರಿಪಡಿಸುವುದು ಎಷ್ಟು ಸುಲಭ, ಮನೆಯಲ್ಲಿ ಅದರಿಂದ ಸಂಗೀತ ಕೇಳುವುದು ಹೇಗೆ ಎಂಬುದನ್ನು ತಿಳಿಯುವುದು ಒಳ್ಳೆಯದು. ಅದೇ ಈ ಪಾಠದ ಉದ್ದೇಶ.

ಕೊಂಬು ಮಾಡುವ ಕೆಲಸ

ಇಂಗ್ಲಿಷಿನ ಹಾರ್ನ್ ಎಂಬ ಮಾತಿಗೆ ಕೊಂಬು ಎಂದೇ ಅರ್ಥ. ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಕೊಂಬು ಎಂಬುದು ಒಂದು ವಾದ್ಯದ ಹೆಸರೂ ಆಗಿದೆ. ಊದುವವನ ತುಟಿಯ ಅದುರಾಟ ಬಹಳ ಸಣ್ಣದು. ಆದರೂ ಕೊಂಬಿನ ನಾದ ಬಯಲೆಲ್ಲ ತುಂಬುತ್ತದೆ. ಇದು ಹೇಗೆ?

ಒಂದು ಹತ್ತಿಯ ಉಂಡೆಯನ್ನೂ ಒಂದು ಕಲ್ಲನ್ನೂ ಎಸೆದು ನೋಡೋಣ. ಎಷ್ಟು ಬಲ ಹಾಕಿ ಬೀಸಿದರೂ ಹತ್ತಿ ಹತ್ತಿರದಲ್ಲೇ ಬೀಳುತ್ತದೆ. ತೋಳಿನ ಬಲವನ್ನು ತೆಗೆದುಕೊಳ್ಳುವಷ್ಟು ಭಾರ ಅದಕ್ಕಿಲ್ಲ. ಸ್ಪೀಕರಿನ ಪಾಡೂ ಹೀಗೆಯೇ. ಅದರಲ್ಲಿ ಅದುರುವ ತೆಳು ಹಾಳೆಗೆ ಪೊರೆ ಎನ್ನೋಣ. ಪೊರೆಗೆ ಹೋಲಿಸಿದರೆ ಗಾಳಿ ಬಹಳ ಹಗುರ. ಪೊರೆ ಅದುರಿದರೂ ಅದರ ಶಕ್ತಿಯ ಬಹುಭಾಗ ಗಾಳಿಗೆ ಸೇರುವುದಿಲ್ಲ. ಸಾಮಾನ್ಯ ಕಾಗದದ ಕೋನ್ ಸ್ಪೀಕರಿಗೆ ಕೊಟ್ಟ ವಿದ್ಯುತ್ತಿನಲ್ಲಿ ಶಬ್ದವಾಗುವುದು ನೂರಕ್ಕೆ ಸುಮಾರು ಒಂದು ಭಾಗ. ಉಳಿದದ್ದೆಲ್ಲ ಶಾಖವಾಗಿ ಹೋಗುತ್ತದೆ.

ಪೊರೆಯ ಮುಂದೆ ಕಿರಿದಾದ ಕತ್ತನ್ನಿಟ್ಟರೆ ಅಲ್ಲಿ ಸಿಕ್ಕಿದ ಗಾಳಿ ಸುಲಭವಾಗಿ ಪಕ್ಕಕ್ಕೆ ಸರಿದುಹೋಗಲಾರದು. ಪೊರೆಗೆ ಅದು ಭಾರವಾದ ವಸ್ತುವಿನಂತೆ ಎದುರು ನಿಲ್ಲುತ್ತದೆ. ಕತ್ತಿನಲ್ಲಿ ಹುಟ್ಟಿದ ಒತ್ತಡ ಕೊಂಬಿನುದ್ದಕ್ಕೂ ನಿಧಾನವಾಗಿ ಹರಡಿ, ಅಗಲವಾದ ಬಾಯಿಯಿಂದ ಹೊರಗಿನ ಗಾಳಿಯನ್ನು ಸೇರುತ್ತದೆ. ಆಗ ನೂರಕ್ಕೆ ಹತ್ತರಿಂದ ಮೂವತ್ತು ಭಾಗದವರೆಗೆ ಶಬ್ದವಾಗಿ ದೊರೆಯಬಹುದು. ಕೊಂಬು ಹೊಸ ಶಕ್ತಿಯನ್ನೇನೂ ಹುಟ್ಟಿಸುವುದಿಲ್ಲ. ವ್ಯರ್ಥವಾಗುತ್ತಿದ್ದುದನ್ನು ಉಳಿಸಿಕೊಡುತ್ತದೆ, ಅಷ್ಟೆ. ಈ ಮಿತವ್ಯಯದ ಗುಣವನ್ನು ಓದುಗರು ನೆನಪಿನಲ್ಲಿಡಬೇಕು.

ಸ್ವಲ್ಪ ಚರಿತ್ರೆ

ಹಳೆಯ ಗ್ರಾಮಫೋನಿಗೆ ವಿದ್ಯುತ್ತೇ ಇರಲಿಲ್ಲ. ಮುಳ್ಳಿನ ಅದುರಾಟವನ್ನು ಕೋಣೆಗೆಲ್ಲ ಕೇಳಿಸುತ್ತಿದ್ದುದು ಬರಿಯ ಕೊಂಬು. ವಿದ್ಯುತ್ತಿನ ಕೊಂಬನ್ನು ಬಳಕೆಗೆ ತಂದವರಲ್ಲಿ ಅಮೆರಿಕದ ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಧಮ್ ಮೊದಲಿಗರು. 1915ರಲ್ಲಿ ಅವರು ಅದನ್ನು ಜನರ ಮುಂದೆ ತೋರಿಸಿದರು. 1919ರ ಸೆಪ್ಟೆಂಬರ್ 19ರಂದು ಅಧ್ಯಕ್ಷ ವುಡ್ರೊ ವಿಲ್ಸನ್ ಸ್ಯಾನ್ ಡಿಯಾಗೊ ನಗರದಲ್ಲಿ ಅಂತಹ ಸ್ಪೀಕರುಗಳ ಮೂಲಕ ಸುಮಾರು 50,000 ಜನರ ಸಭೆಯಲ್ಲಿ ಮಾತನಾಡಿದರು. ಆ ಕಾಲದ ಕವಾಟ ವರ್ಧಕಗಳು ಕೊಡುತ್ತಿದ್ದುದು ಕೆಲವೇ ವ್ಯಾಟ್. ಅಷ್ಟರಲ್ಲೇ ಚಿತ್ರಮಂದಿರವನ್ನೂ ಮೈದಾನವನ್ನೂ ತುಂಬಬೇಕಾಗಿದ್ದರಿಂದ ಕೊಂಬು ಅನಿವಾರ್ಯವಾಯಿತು. 1946ರಲ್ಲಿ ಪಾಲ್ ಕ್ಲಿಪ್ಷ್ ಎಂಬ ಎಂಜಿನಿಯರು ಮನೆಗಾಗಿ ಒಂದು ಹಾರ್ನ್ ಸ್ಪೀಕರನ್ನು ಮಾರಾಟಕ್ಕೆ ತಂದರು. ಅದನ್ನು ಕೋಣೆಯ ಮೂಲೆಯಲ್ಲಿಟ್ಟರೆ ಎರಡು ಗೋಡೆಗಳೇ ಕೊಂಬಿನ ಮುಂದುವರಿದ ಭಾಗವಾಗುತ್ತವೆ. ಕೊಂಬು ಮೈದಾನಕ್ಕೆ ಮಾತ್ರವಲ್ಲ, ಮನೆಗೂ ಸಲ್ಲುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಕೇರಳದಲ್ಲಿ ಈ ವಸ್ತುವಿನ ಮೇಲೆ ಜನರಿಗಿರುವ ಮಮತೆಯನ್ನು ಒಂದು ಸಂಗತಿಯಿಂದ ತಿಳಿಯಬಹುದು. 2019ರಲ್ಲಿ ಟಿ. ಕೆ. ರಾಜೀವ್ ಕುಮಾರ್ ಅವರು 'ಕೋಳಾಂಬಿ' ಎಂಬ ಹೆಸರಿನಲ್ಲೇ ಒಂದು ಚಲನಚಿತ್ರವನ್ನು ನಿರ್ದೇಶಿಸಿದರು. ಅದರ ಗೀತರಚನೆಗೆ ಪ್ರಭಾ ವರ್ಮ ಅವರಿಗೆ ರಾಷ್ಟ್ರಪ್ರಶಸ್ತಿಯೂ ದೊರೆಯಿತು.

ದಾರವೊಂದರಿಂದ ಅಳತೆ

ಈಗ ಒಂದು ಹಳೆಯ ಹಾರ್ನನ್ನು ಮುಂದಿಟ್ಟುಕೊಂಡು ಸ್ವಲ್ಪ ಗಣಿತ ಮಾಡೋಣ. ಅದರ ಬಾಯಿಯ ಸುತ್ತ ದಾರ ಸುತ್ತಿ ಅಳೆಯಬೇಕು. ಬಾಯಿಯ ವ್ಯಾಸ 40 ಸೆಂಟಿಮೀಟರ್ ಇದ್ದರೆ ಸುತ್ತಳತೆ ಸುಮಾರು 1.26 ಮೀಟರ್. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಈ ವೇಗವನ್ನು ಸುತ್ತಳತೆಯಿಂದ ಭಾಗಿಸಿದರೆ ಸುಮಾರು 270 ಬರುತ್ತದೆ. ಆ ಕೊಂಬು 270 ಹರ್ಟ್ಸಿಗಿಂತ ಕೆಳಗಿನ ಸ್ವರಗಳನ್ನು ಚೆನ್ನಾಗಿ ನುಡಿಸಲಾರದು ಎಂದು ಇದರಿಂದ ತಿಳಿಯುತ್ತದೆ.

ಇನ್ನು ಕತ್ತು. ಅದರ ವ್ಯಾಸ 2.5 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಬಾಯಿಯ ವ್ಯಾಸ ಅದರ 16 ಪಟ್ಟು, ಬಾಯಿಯ ವಿಸ್ತೀರ್ಣ 256 ಪಟ್ಟು. 2, 4, 8, 16 ಎಂದು ಇಮ್ಮಡಿಸುತ್ತ ಹೋದರೆ ಎಂಟನೆಯ ಹೆಜ್ಜೆಗೆ 256 ಆಗುತ್ತದೆ. ಒಳ್ಳೆಯ ಕೊಂಬಿನಲ್ಲಿ ವಿಸ್ತೀರ್ಣವು ಸಮಾನ ದೂರಗಳಲ್ಲಿ ಹೀಗೆ ಇಮ್ಮಡಿಸುತ್ತ ಹೋಗುತ್ತದೆ. 270 ಹರ್ಟ್ಸಿನ ಕೊಂಬಿಗೆ ಆ ದೂರ 7 ಸೆಂಟಿಮೀಟರ್. ಎಂಟು ಸಲ ಇಮ್ಮಡಿಯಾಗಲು 56 ಸೆಂಟಿಮೀಟರ್ ಉದ್ದ ಬೇಕು. ಇಷ್ಟುದ್ದದ ಕೊಂಬನ್ನು ಮರಕ್ಕೆ ಕಟ್ಟುವುದು ಕಷ್ಟವಾದ್ದರಿಂದ ದಾರಿಯನ್ನು ಒಳಗೇ ಮಡಿಸಿರುತ್ತಾರೆ. ಶಬ್ದವು ನಡುವಿನ ಕೊಳವೆಯಲ್ಲಿ ಮುಂದೆ ಹೋಗಿ, ಟೊಪ್ಪಿಗೆಯಂಥ ಭಾಗಕ್ಕೆ ತಾಗಿ ಹಿಂದೆ ತಿರುಗಿ, ಮತ್ತೆ ಮುಂದಕ್ಕೆ ಬಂದು ಹೊರಬೀಳುತ್ತದೆ.

ಗಂಡಸಿನ ಕಂಠದ ಮೂಲಸ್ವರ ಸಾಮಾನ್ಯವಾಗಿ 100 ಹರ್ಟ್ಸಿನ ಆಸುಪಾಸಿನದು. ಕೋಳಾಂಬಿಯಲ್ಲಿ ಆ ಸ್ವರ ಬರುವುದೇ ಇಲ್ಲ. ಆದರೂ ಮಾತನಾಡುತ್ತಿರುವವರು ಯಾರೆಂದು ಗುರುತು ಸಿಗುತ್ತದಲ್ಲವೆ? ಮೇಲಿನ ಉಪಸ್ವರಗಳನ್ನು ಕೇಳಿ ಮೂಲಸ್ವರವನ್ನು ನಮ್ಮ ಕಿವಿಯೂ ಮಿದುಳೂ ಸೇರಿ ಊಹಿಸಿಕೊಳ್ಳುತ್ತವೆ. ದೂರವಾಣಿಯಲ್ಲಿಯೂ ಹೀಗೆಯೇ ಆಗುತ್ತದೆ.

ದುರಸ್ತಿಯ ಕ್ರಮ

ಹಾರ್ನಿನಲ್ಲಿ ಎರಡು ಭಾಗಗಳಿವೆ. ಮುಂದಿನದು ಕೊಂಬು, ಹಿಂದೆ ತಿರುಗಿಸಿ ಕೂರಿಸಿದ್ದು ಯೂನಿಟ್. ಕೊಂಬು ತಗ್ಗಬಹುದು, ತುಕ್ಕು ಹಿಡಿಯಬಹುದು. ಆದರೆ ಅದರ ಕಂಠ ನಿಲ್ಲುವುದು ಹೆಚ್ಚಾಗಿ ಯೂನಿಟ್ಟಿನೊಳಗಿನ ಪೊರೆ ಹಾಳಾದಾಗ. ಪೊರೆ ಅಂಗೈಗಿಂತ ಚಿಕ್ಕ ವಸ್ತು. ಅದನ್ನು ಬದಲಾಯಿಸಿದರೆ ಉಳಿದದ್ದೆಲ್ಲ ಮತ್ತೆ ದಶಕಗಳ ಕಾಲ ಬಾಳುತ್ತದೆ.

ಮೊದಲನೆಯದಾಗಿ, ಕೊಂಬನ್ನು ಬಿಚ್ಚಿ ಶುದ್ಧ ಮಾಡಬೇಕು. ಅಟ್ಟದಲ್ಲಿದ್ದ ಕೊಂಬಿನೊಳಗೆ ಕಣಜ ಮಣ್ಣಿನ ಗೂಡು ಕಟ್ಟಿರುವುದುಂಟು. ಗೂಡಿದ್ದರೆ ದಾರಿ ಮುಚ್ಚಿ ಶಬ್ದ ಮಂಕಾಗುತ್ತದೆ. ಸಾಬೂನು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ತಗ್ಗಿದ ಕಡೆ ಮರಳಿನ ಚೀಲವನ್ನು ಆನಿಸಿ, ಒಳಗಿನಿಂದ ಮರದ ಕೊಡತಿಯಿಂದ ಮೆಲ್ಲಗೆ ತಟ್ಟಬೇಕು. ಸಡಿಲವಾದ ತಿರುಪುಗಳನ್ನು ಬಿಗಿಮಾಡಬೇಕು. ಇಲ್ಲದಿದ್ದರೆ ಪ್ರತಿ ಸ್ವರಕ್ಕೂ ಜೊತೆಯಲ್ಲಿ ಗರಗರ ಸದ್ದು ಬರುತ್ತದೆ.

ಎರಡನೆಯದಾಗಿ, ಯೂನಿಟ್ಟನ್ನು ಪರೀಕ್ಷಿಸಬೇಕು. ಒಂದೂವರೆ ವೋಲ್ಟಿನ ಸೆಲ್ಲಿನ ತಂತಿಯನ್ನು ಒಂದು ಕ್ಷಣ ಮುಟ್ಟಿಸಿದರೆ 'ಟಕ್' ಎಂಬ ಸದ್ದು ಬರಬೇಕು. ಬಹಳ ಯೂನಿಟ್ಟುಗಳು 16 ಓಮಿನವು. ಮೀಟರಿನಲ್ಲಿ ಅಳೆದರೆ ಅದಕ್ಕಿಂತ ತುಸು ಕಡಮೆ ತೋರಿಸುವುದು ಸಹಜ. ಏನೂ ತೋರಿಸದಿದ್ದರೆ ಸುರುಳಿಯ ತಂತಿ ತುಂಡಾಗಿದೆ ಎಂದರ್ಥ. ಕೆಲವು ಸಲ ಹೊರಗೆ ಬರುವ ತುದಿಯಲ್ಲಿ ಮಾತ್ರ ತುಂಡಾಗಿದ್ದು, ಬೆಸುಗೆ ಹಾಕಿದರೆ ಸರಿಹೋಗುತ್ತದೆ.

ಮೂರನೆಯದಾಗಿ, ಯೂನಿಟ್ಟನ್ನು ತೆರೆಯುವಾಗ ಭಾಗಗಳ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಬೇಕು. ಅಯಸ್ಕಾಂತವು ಸ್ಕ್ರೂ ಡ್ರೈವರನ್ನು ಸೆಳೆದು ಪೊರೆಯನ್ನು ತೂತು ಮಾಡಬಹುದು, ಎಚ್ಚರವಿರಲಿ. ಸುರುಳಿ ಕೂರುವ ಕಿರಿದಾದ ಸಂದಿನಲ್ಲಿ ತುಕ್ಕಿನ ಪುಡಿ ಸೇರಿರುತ್ತದೆ. ಅಂಟು ಪಟ್ಟಿಯನ್ನು ಮಡಿಸಿ ಸಂದಿನೊಳಗೆ ಆಡಿಸಿದರೆ ಪುಡಿ ಅದಕ್ಕೆ ಹತ್ತಿಕೊಂಡು ಬರುತ್ತದೆ. ಅಯಸ್ಕಾಂತವನ್ನು ಮಾತ್ರ ಅದರ ಕಬ್ಬಿಣದ ಚೌಕಟ್ಟಿನಿಂದ ಬಿಡಿಸಕೂಡದು. ಹಳೆಯ ಆಲ್ನಿಕೊ ಅಯಸ್ಕಾಂತಗಳು ಹಾಗೆ ಬಿಡಿಸಿದರೆ ಬಲಗುಂದುತ್ತವೆ. ಅದೇ ಅಳತೆಯ ಹೊಸ ಪೊರೆಯನ್ನು ಸಂದಿನ ಸರಿ ನಡುವೆ ಕೂರಿಸಿ, ಗಾಳಿ ಸೋರದಂತೆ ವಾಷರ್ ಹಾಕಿ ಮುಚ್ಚಬೇಕು.

ವಯನಾಡಿನಲ್ಲಿ ಇನ್ನೊಂದು ವಿಚಾರವನ್ನು ಗಮನಿಸಬೇಕು. ವೈತ್ತಿರಿ, ಲಕ್ಕಿಡಿಗಳ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಅಂತಹ ತೇವದಲ್ಲಿ ಕಬ್ಬಿಣದ ಸಂದಿಗೆ ತುಕ್ಕು ಹಿಡಿಯದೆ ಇರದು. ಆದಕಾರಣ ಬಳಸದೆ ಇರುವ ಯೂನಿಟ್ಟನ್ನು ಬಿಗಿಯಾದ ಡಬ್ಬಿಯಲ್ಲಿಡಬೇಕು. ಕೊಂಬನ್ನು ಬಾಯಿ ಕೆಳಗೆ ಮಾಡಿ, ಬಟ್ಟೆ ಕಟ್ಟಿ ತೂಗುಹಾಕಬೇಕು.

ಕೊನೆಯದಾಗಿ ಒಂದು ಕಟ್ಟೆಚ್ಚರಿಕೆ. ಹಳೆಯ ಕವಾಟದ ಆಂಪ್ಲಿಫೈಯರುಗಳಲ್ಲಿ 300 ವೋಲ್ಟಿಗೂ ಮಿಕ್ಕಿದ ವಿದ್ಯುತ್ತಿರುತ್ತದೆ. ಸ್ವಿಚ್ಚು ತೆಗೆದ ಮೇಲೂ ಅದು ಕೆಲಕಾಲ ಒಳಗೆ ಉಳಿದಿರಬಹುದು. ವಿದ್ಯಾರ್ಥಿಗಳು ಅವುಗಳ ಮುಚ್ಚಳವನ್ನು ತೆಗೆಯಲೇಬಾರದು. ಇಂದಿನ ಚಿಕ್ಕ ಆಂಪ್ಲಿಫೈಯರು ನಮ್ಮ ಕೆಲಸಕ್ಕೆ ಧಾರಾಳವಾಗಿ ಸಾಕು.

ಮನೆಯಲ್ಲಿ ಕೇಳುವ ಬಗೆ

ಕೋಳಾಂಬಿ ಒಂದನ್ನೇ ಬಳಸಿದರೆ ಕಂಠ, ನಾಗಸ್ವರ, ಕೊಳಲು ಸ್ಪಷ್ಟವಾಗಿ ಕೇಳುತ್ತವೆ. ಮೃದಂಗದ ಎಡಭಾಗದ ಗುಂಕಾರ ಮಾತ್ರ ಕೇಳುವುದಿಲ್ಲ. ಆ ಕೊರತೆಯನ್ನು ನೀಗಲು ಪೆಟ್ಟಿಗೆಯಲ್ಲಿ ಕೂರಿಸಿದ ದೊಡ್ಡ ಕೋನ್ ಸ್ಪೀಕರೊಂದನ್ನು ಜೊತೆಗಿಡುತ್ತಾರೆ. ಸುಮಾರು 500 ಹರ್ಟ್ಸಿನವರೆಗೆ ಕೋನ್, ಮೇಲಿನದಕ್ಕೆ ಕೊಂಬು. ಕೆಳಗಿನ ಸ್ವರಗಳು ಕೊಂಬಿನ ಪೊರೆಯನ್ನು ಹರಿಯದಂತೆ 16 ಓಮಿನ ಯೂನಿಟ್ಟಿನ ತಂತಿಯಲ್ಲಿ 20 ಮೈಕ್ರೋಫ್ಯಾರಡಿನ, ಧನ ಋಣ ಭೇದವಿಲ್ಲದ ಕೆಪಾಸಿಟರೊಂದನ್ನು ಸೇರಿಸಬೇಕು. ಕೊಂಬಿನ ದನಿ ಕೋನಿನದಕ್ಕಿಂತ ಬಹಳ ಜೋರಾದ್ದರಿಂದ ಅದನ್ನು ತಗ್ಗಿಸುವ ಎಲ್-ಪ್ಯಾಡ್ ಎಂಬ ನಿಯಂತ್ರಕವೂ ಬೇಕು.

ಎಷ್ಟು ಜೋರು? ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ ಸಾಮಾನ್ಯ ಕೋನ್ ಸ್ಪೀಕರು ಸುಮಾರು 88 ಡೆಸಿಬೆಲ್ ಕೊಡುತ್ತದೆ. ಒಳ್ಳೆಯ ಹಾರ್ನು 105 ಕೊಡುತ್ತದೆ. ಈ 17 ಡೆಸಿಬೆಲ್ಲಿನ ಅಂತರವನ್ನು ಕೋನಿನಿಂದ ತುಂಬಬೇಕಾದರೆ 50 ವ್ಯಾಟ್ ಬೇಕು! ತಿರುಗಿಸಿ ನೋಡಿದರೆ, ಕೊಂಬಿಗೆ ವ್ಯಾಟಿನ ಸಾವಿರದಲ್ಲೊಂದು ಭಾಗ ಕೊಟ್ಟರೂ 75 ಡೆಸಿಬೆಲ್ ಬರುತ್ತದೆ. ನಮ್ಮ ಸಾಮಾನ್ಯ ಮಾತುಕತೆ ಸುಮಾರು 60 ಡೆಸಿಬೆಲ್ ಮಾತ್ರ. ಆದ್ದರಿಂದ ಮನೆಯ ಸಂಗೀತಕ್ಕೆ ಆ ಸಾವಿರದಲ್ಲೊಂದು ಭಾಗವೇ ಸಾಕು.

ಸದ್ದು ಮತ್ತು ಸಂಯಮ

ಹೀಗಿದ್ದೂ ಕೋಳಾಂಬಿಗೆ ಕೆಟ್ಟ ಹೆಸರು ಬಂದದ್ದೇಕೆ? ಸ್ವಲ್ಪದರಲ್ಲೇ ಬಹಳ ಕೊಡುವ ಸಾಧನಕ್ಕೆ ನಾವು ಬಹಳವನ್ನೇ ಕೊಟ್ಟೆವು. ಒಂದರ ಪಕ್ಕದಲ್ಲಿ ಇನ್ನೊಂದನ್ನು ಕಟ್ಟಿದೆವು. ಪರೀಕ್ಷೆಗೆ ಓದುವ ಮಕ್ಕಳು, ಹಾಸಿಗೆ ಹಿಡಿದ ರೋಗಿಗಳು, ಕಾಡಂಚಿನ ಪ್ರಾಣಿಗಳು ಇವರಲ್ಲಿ ಯಾರನ್ನೂ ಲೆಕ್ಕಿಸಲಿಲ್ಲ. ಕೊನೆಗೆ ಕಾನೂನೇ ಬರಬೇಕಾಯಿತು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. 2005ರ ಜುಲೈ 18ರಂದು ಸುಪ್ರೀಂ ಕೋರ್ಟು ಇದನ್ನು ಕಟ್ಟುನಿಟ್ಟಾಗಿ ಪಾಲಿಸುವಂತೆ ತೀರ್ಪಿತ್ತಿತು. ಇದರಲ್ಲಿ ಕೊಂಬಿನ ದೋಷವೇನಿದೆ? ಗುಂಡಿಯನ್ನು ತಿರುಗಿಸಿದ್ದು ನಮ್ಮ ಕೈಯೇ.

ಮನೆಯಲ್ಲಿ ಹಾರ್ನು ಇಲ್ಲದವರೂ ನಿರಾಶರಾಗಬೇಕಾಗಿಲ್ಲ. ಲಂಡನ್ನಿನ ಇ. ಎಂ. ಜಿ. ಎಂಬ ಸಂಸ್ಥೆ ತನ್ನ ಹೆಸರಾಂತ ಗ್ರಾಮಫೋನುಗಳ ಕೊಂಬುಗಳನ್ನು ಕಾಗದ ಮತ್ತು ಅಂಟಿನಿಂದಲೇ ಮಾಡುತ್ತಿತ್ತು. ಹಳೆಯ ಪತ್ರಿಕೆಗಳನ್ನು ಮೈದಾ ಅಂಟಿನಲ್ಲಿ ಪದರ ಪದರವಾಗಿ ಹಚ್ಚಿ ನಾವೂ ಒಂದು ಕೊಂಬು ಮಾಡಬಹುದು. ಅದರ ಕತ್ತನ್ನು ಮೊಬೈಲಿನ ಸ್ಪೀಕರಿನ ರಂಧ್ರಕ್ಕೆ ಒತ್ತಿ ಹಿಡಿದು ಕೇಳಿ. ಆಮೇಲೆ ಕೊಂಬನ್ನು ತೆಗೆದು ಕೇಳಿ. ಮೊಬೈಲಿನ ಗುಂಡಿಯನ್ನು ಮುಟ್ಟದೆಯೇ ದನಿ ಹೆಚ್ಚಿದ್ದು ತಿಳಿಯುತ್ತದೆ. ಬಾಯಿಯ ಸುತ್ತಳತೆಯನ್ನು ಬದಲಿಸಿ, ಯಾವ ಸ್ವರದವರೆಗೆ ಅದು ನೆರವಾಗುತ್ತದೆ ಎಂದು ಲೆಕ್ಕ ಬರೆಯಿರಿ.

ತಂದೆತಾಯಿಯರಲ್ಲಿ ನಮ್ಮ ವಿನಂತಿ ಇಷ್ಟೆ. ಅಟ್ಟದಲ್ಲಿ ಹಳೆಯ ಕೋಳಾಂಬಿ ಇದ್ದರೆ ಗುಜರಿಯವರಿಗೆ ಕೊಡುವ ಮೊದಲು ಮಕ್ಕಳ ಕೈಗೆ ಕೊಡಿರಿ. ಅವರ ಪಕ್ಕದಲ್ಲಿ ಕುಳಿತು ತಿರುಪು ಬಿಚ್ಚಿಸಿರಿ. ಭೌತಶಾಸ್ತ್ರ, ಗಣಿತ, ಕೈಕೆಲಸ ಮೂರನ್ನೂ ಅದೊಂದೇ ಕಲಿಸುತ್ತದೆ. ಸ್ವಲ್ಪ ಶಕ್ತಿಯಿಂದ ದೂರ ತಲುಪುವುದು ಹೇಗೆ ಎಂಬುದನ್ನೂ, ದೂರ ತಲುಪಬಲ್ಲವನು ದನಿ ತಗ್ಗಿಸಿ ಮಾತನಾಡಬೇಕು ಎಂಬುದನ್ನೂ ಆ ಕೊಂಬಿನಿಂದ ಕಲಿತರೆ ಮಕ್ಕಳಿಗೆ ಅದಕ್ಕಿಂತ ಹೆಚ್ಚಿನ ಲಾಭ ಬೇರೊಂದಿಲ್ಲ.