ಕುದುರೆಮುಖಕ್ಕೆ ಹೊರಟವರಿಗೆ

ದೀಪಾವಳಿ ಮುಗಿದ ಮೇಲೆ ಕುದುರೆಮುಖ ಹತ್ತಲು ಹೊರಟಿದ್ದೀರಂತೆ. ನಮ್ಮ ಬೀದರ ಜಿಲ್ಲೆಯ ಹಲಬರ್ಗಾದ ಹುಡುಗರು, ಹುಡುಗಿಯರು ಕೂಡಿ ಅಷ್ಟು ದೂರದ ಬೆಟ್ಟಕ್ಕೆ ಹೋಗುವುದು ನಮ್ಮ ಕಾಲದಲ್ಲಿ ಯಾರ ತಲೆಗೂ ಬಂದಿರಲಿಲ್ಲ. ಹೋಗಿ ಬರ್ರಿ. ಬೇಡ ಅನ್ನುವ ಹಿರಿಯರು ಮನೆಯಲ್ಲಿದ್ದರೆ ನನ್ನ ಹತ್ತಿರ ಕಳಿಸಿ, ನಾನು ಮಾತಾಡುತ್ತೇನೆ. ಆ ಹಾದಿ ನಾನು ನಡೆದದ್ದು. ಅದಕ್ಕೇ ಹೊರಡುವ ಮೊದಲು ಒಂದೆರಡು ಮಾತು ಹೇಳಬೇಕು ಅನ್ನಿಸಿತು. ಎಲ್ಲಕ್ಕಿಂತ ಮೊದಲಿನದು ಇದು: ಗೈಡ್ ಎಲ್ಲಿ ‘ಇನ್ನು ಸಾಕು, ತಿರುಗೋಣ’ ಅನ್ನುತ್ತಾನೋ ಅಲ್ಲಿಂದ ತಿರುಗಿ. ಉಳಿದದ್ದು ಮರೆತರೂ ನಡೆದೀತು, ಇದನ್ನು ಮಾತ್ರ ಮರೆಯಬೇಡಿ.

ನಾವು ಬಯಲಿನವರು. ಬೀದರ ಕೋಟೆ ನಿಂತ ದಿನ್ನೆ ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗಿಂತ ಮೇಲಿದ್ದರೂ ಅದು ಹಾಸಿದಂಥ ನೆಲ. ಕುದುರೆಮುಖದ ತುದಿ ಸುಮಾರು 1,890 ಮೀಟರ್. ಬೆಟ್ಟದ ಬುಡದ ಮುಳ್ಳೋಡಿಯಿಂದ ಹತ್ತಿ ಇಳಿದು ಬರಲು ಇಪ್ಪತ್ತು ಕಿಲೋಮೀಟರ್ ಆಸುಪಾಸು, ಎಂಟು ತಾಸು ಬೇಕೇ ಬೇಕು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಒಂಬೈನೂರು ಮಿಲಿಮೀಟರ್ ಮಳೆ ಬಿದ್ದರೆ ರೈತನ ಮುಖ ಅರಳುತ್ತದೆ. ಅಲ್ಲಿ ಆರೇಳು ಸಾವಿರ ಬೀಳುತ್ತದೆ. ಮಳೆಗಾಲ ಮುಗಿದರೂ ಕಲ್ಲಿನ ಮೇಲೆ ಪಾಚಿ ಉಳಿದಿರುತ್ತದೆ, ಹಳ್ಳಗಳಲ್ಲಿ ನೀರು ಹರಿಯುತ್ತಿರುತ್ತದೆ, ಮಣ್ಣು ಕಾಲಡಿ ಜಾರುತ್ತದೆ.

‘ನಾವು ಹೊಲದಾಗ ದುಡಿದವರು, ಖಾನಾಪುರದ ಮೈಲಾರ ಮಲ್ಲಣ್ಣನಿಗೆ ನಡಕೊಂಡೇ ಹೋಗಿ ಬರ್ತೀವಿ, ನಮಗೇನು’ ಅಂತ ನಿಮ್ಮಲ್ಲಿ ಒಬ್ಬ ಅಂದನಂತೆ. ಆ ಕಸುವು ಸುಳ್ಳಲ್ಲ. ದಿನವಿಡೀ ನಡೆಯುವ ದಮ್ಮು ನಿಮಗಿದೆ, ಪೇಟೆಯ ಹುಡುಗರಿಗಿಂತ ಹೆಚ್ಚೇ ಇದೆ. ಆದರೆ ಬಯಲಿನ ನಡಿಗೆ ಇಳಿಜಾರನ್ನು ಕಲಿಸುವುದಿಲ್ಲ. ಏರುವಾಗ ತೊಡೆಯ ಸ್ನಾಯು ಕುಗ್ಗಿ ಮೈಯನ್ನು ಎತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಲೇ ಇಡೀ ಮೈಭಾರವನ್ನು ತಡೆದು ಹಿಡಿಯಬೇಕು. ಅಭ್ಯಾಸವಿಲ್ಲದವನಿಗೆ ಮಧ್ಯಾಹ್ನದ ಮೇಲೆ ಮೊಣಕಾಲು ನಡುಗತೊಡಗುವುದು ಇದರಿಂದಲೇ. ಏರುವಾಗ ಜನ ಏದುಸಿರು ಬಿಡುತ್ತಾರೆ, ಬೀಳುವುದು ಇಳಿಯುವಾಗ. ಆದ್ದರಿಂದ ಇನ್ನೂ ಇರುವ ಈ ಒಂದು ತಿಂಗಳಲ್ಲಿ ವಾರಕ್ಕೆ ಮೂರ್ನಾಲ್ಕು ದಿನ ಮೆಟ್ಟಿಲು ಹತ್ತಿ ಇಳಿಯಿರಿ. ಶಾಲೆಯ ಮಾಳಿಗೆಯಾದರೂ ಆಗುತ್ತದೆ. ಹೆಗಲ ಮೇಲೆ ನಾಲ್ಕೈದು ಕಿಲೋ ಜೋಳದ ಚೀಲ ಇರಲಿ. ಹತ್ತುವುದಕ್ಕಿಂತ ಇಳಿಯುವಾಗ ನಿಧಾನ ಮಾಡಿ, ಒಂದೊಂದೇ ಮೆಟ್ಟಿಲು, ಪಾದ ಪೂರ್ತಿ ಊರಿ. ಹೊಸ ಬೂಟು ಕೊಳ್ಳುವವರು ಈಗಲೇ ಕೊಂಡು, ಅದೇ ಬೂಟಿನಲ್ಲಿ ಅಡ್ಡಾಡಿ. ಹೊಸ ಬೂಟು ಹಾಕಿ ಬೆಟ್ಟಕ್ಕೆ ಹೋದವನ ಹಿಮ್ಮಡಿಯಲ್ಲಿ ಮಧ್ಯಾಹ್ನದೊಳಗೆ ಬೊಬ್ಬೆ ಎದ್ದಿರುತ್ತದೆ.

ಪ್ರಯಾಣದ ಲೆಕ್ಕವನ್ನೂ ಸರಿಯಾಗಿ ಹಾಕಿ. ರಾತ್ರಿ ರೈಲಿನಲ್ಲಿ ಬೆಂಗಳೂರು, ಮರುದಿನ ರಾತ್ರಿ ಬಸ್ಸಿನಲ್ಲಿ ಕಳಸ, ಇಳಿದವರೇ ಜೀಪು ಹತ್ತಿ ಬೆಟ್ಟಕ್ಕೆ ಎಂದು ನೀವು ಬರೆದುಕೊಂಡ ಪಟ್ಟಿ ನೋಡಿದೆ. ಎರಡು ರಾತ್ರಿ ಕೂತೇ ತೂಕಡಿಸಿದ ಮೈ ಅದು. ರಜೆ ಒಂದು ದಿನ ಹೆಚ್ಚು ಹಾಕಿ. ಕಳಸದಲ್ಲಿ ಇಳಿದು ಭದ್ರಾ ನದಿ ನೋಡಿ, ಕಳಸೇಶ್ವರನಿಗೆ ಕೈಮುಗಿದು, ಹತ್ತಿರದ ಹೊರನಾಡಿಗೆ ಹೋಗಿ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಉಂಡು, ಸಂಜೆ ಸಂಸೆಯ ಕಡೆಗೆ ಬಂದು ಬೇಗ ಮಲಗಿ. ಬೆಳಿಗ್ಗೆ ಏಳುವ ಮೈ ಬೇರೆಯದೇ ಆಗಿರುತ್ತದೆ.

ಟಿಕೆಟ್ಟಿನ ಮಾತು. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಬುಕ್ ಮಾಡಬೇಕು, ಗುರುತಿನ ಚೀಟಿ ಕೈಯಲ್ಲಿರಬೇಕು. ಈ ಕಟ್ಟುನಿಟ್ಟು ಯಾಕೆ ಬಂತು ಎಂದು ತಿಳಿದಿರಲಿ. 2024ರ ಜನವರಿ ಕೊನೆಯಲ್ಲಿ, ಗಣರಾಜ್ಯೋತ್ಸವದ ಸಾಲು ರಜೆಗೆ ಕುಕ್ಕೆಯ ಕುಮಾರಪರ್ವತಕ್ಕೆ ಸಾವಿರಾರು ಜನ ಒಮ್ಮೆಲೇ ನುಗ್ಗಿದರು. ಕಾಲಿಡಲು ಜಾಗವಿಲ್ಲದ ಆ ಹಾದಿಯ ಚಿತ್ರವನ್ನು ನೀವೂ ಮೊಬೈಲಿನಲ್ಲಿ ನೋಡಿರುತ್ತೀರಿ. ಆಗ ಅರಣ್ಯ ಸಚಿವರಾಗಿದ್ದವರು ನಮ್ಮ ಭಾಲ್ಕಿಯ ಶಾಸಕ ಈಶ್ವರ ಖಂಡ್ರೆ. ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣವನ್ನೇ ತಡೆಹಿಡಿದು, ಮುಂದೆ ದಿನಕ್ಕೆ 300 ಜನರ ಮಿತಿ ಹಾಕಿ ಮತ್ತೆ ತೆರೆದರು. ಟಿಕೆಟ್ ಸಿಗಲಿಲ್ಲವೆಂದು ಕಳ್ಳದಾರಿ ತೋರಿಸುವವರು ಸಿಗುತ್ತಾರೆ. ಆ ದಾರಿಗೆ ಹೋಗಬೇಡಿ. ಹೆಸರು ಬರೆಸದೆ ಒಳಗೆ ಹೋದವನು ಸಂಜೆ ಹೊರಗೆ ಬರಲಿಲ್ಲ ಎಂಬುದು ಯಾರಿಗೂ ಗೊತ್ತಾಗುವುದಿಲ್ಲ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ, ಜೋರು ಮಳೆಯಲ್ಲಿ ಜಾರುವ ಭಯಕ್ಕೆ ಹಾದಿ ಮುಚ್ಚುವುದೂ ಉಂಟು. ಮುಚ್ಚಿದ್ದರೆ ಸುಮ್ಮನೆ ತಾರೀಖು ಬದಲಿಸಿ.

ಇನ್ನು ಗೈಡ್. ಇದರ ಬಗ್ಗೆ ನಾನು ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಿಮ್ಮ ಜೊತೆ ಬರುವವನು ಆ ಬೆಟ್ಟದ ಮಗ್ಗುಲಲ್ಲೇ ಹುಟ್ಟಿ ಬೆಳೆದ ಹುಡುಗ ಇರಬಹುದು, ನಿಮ್ಮದೇ ವಯಸ್ಸಿನವನು. ಕಾಲಲ್ಲಿ ಸಾದಾ ರಬ್ಬರ್ ಚಪ್ಪಲಿ, ಹೆಗಲಲ್ಲಿ ಚಿಕ್ಕ ಚೀಲ. ಅವನನ್ನು ನೋಡಿ ಹಗುರಾಗಿ ಮಾತಾಡುವವರನ್ನು ನಾನು ಕಂಡಿದ್ದೇನೆ. ನಮ್ಮ ಎರಿ ಹೊಲಕ್ಕೆ ಮಳೆ ಬಿದ್ದ ಮರುದಿನ ಪೇಟೆಯವನೊಬ್ಬ ಬಂದರೆ ಎಲ್ಲಿ ಕಾಲಿಟ್ಟರೆ ಮೊಣಕಾಲು ಮಟ ಹುಗಿಯುತ್ತದೆ ಎಂದು ನಮ್ಮ ಸಣ್ಣ ಹುಡುಗನೂ ಹೇಳಬಲ್ಲ. ಅಲ್ಲಿ ನಾವು ಆ ಪೇಟೆಯವರು. ಯಾವ ಹಳ್ಳದ ನೀರು ಎಷ್ಟು ಹೊತ್ತಿನಲ್ಲಿ ಏರುತ್ತದೆ, ಕಾಡುಕೋಣಗಳ ಹಿಂಡು ಯಾವ ಮಗ್ಗುಲಿಗೆ ಮೇಯಲು ಬಂದಿದೆ, ಮಂಜು ಇಳಿದಾಗ ಯಾವ ಕವಲು ಪ್ರಪಾತದ ಕಡೆ ಹೋಗುತ್ತದೆ ಎಂಬುದು ಅವನ ಕಣ್ಣಿಗೆ ಗೊತ್ತು. ‘ಅಣ್ಣಾ’ ಎಂದು ಕರೆಯಿರಿ. ‘ಸದ್ದು ಮಾಡಬೇಡಿ’ ಅಂದರೆ ಅದೇ ಗಳಿಗೆಗೆ ಸುಮ್ಮನಾಗಿ, ಯಾಕೆ ಎಂದು ಆಮೇಲೆ ಕೇಳಿ.

ಬೆಳಿಗ್ಗೆ ಹೊರಡುವಾಗಲೇ ಅವನಿಗೆ ಒಂದು ಮಾತು ಹೇಳಿಬಿಡಿ: ‘ತುದಿ ಮುಟ್ಟಲಿ, ಬಿಡಲಿ, ನಿಮ್ಮ ಕೂಲಿ ಪೂರ್ತಿ ಕೊಡುತ್ತೇವೆ. ತಿರುಗಬೇಕು ಅನ್ನಿಸಿದರೆ ಸಂಕೋಚ ಬೇಡ, ಹೇಳಿಬಿಡಿ.’ ಅರ್ಧ ದಾರಿಗೆ ತಿರುಗಿಸಿದರೆ ಹಣ ಮುರಿದುಕೊಂಡಾರು, ಊರಿಗೆ ಹೋಗಿ ಕೆಟ್ಟದಾಗಿ ಹೇಳಿಯಾರು ಎಂಬ ಅಂಜಿಕೆ ಇರುವವನ ಬಾಯಿಂದ ‘ಸಾಕು’ ಎಂಬ ಮಾತು ಬೇಗ ಹೊರಡುವುದಿಲ್ಲ. ಆ ಅಂಜಿಕೆ ತೆಗೆಯುವುದು ನಿಮ್ಮ ಕೆಲಸ. ಉಬ್ಬಸ ಇರುವವರು, ಹಿಂದೆ ಕಾಲು ಉಳುಕಿದವರು, ಔಷಧ ತೆಗೆದುಕೊಳ್ಳುವವರು ಅದನ್ನೂ ಆಗಲೇ ಅವನಿಗೆ ತಿಳಿಸಿ. ಆ ಬೆಟ್ಟದ ಮೇಲೆ ಬಹಳ ಕಡೆ ಫೋನ್ ಹತ್ತುವುದಿಲ್ಲ, ಆ್ಯಂಬುಲೆನ್ಸ್ ಏರುವ ಹಾದಿಯೂ ಅಲ್ಲ. ಒಬ್ಬನ ಕಾಲು ಮುರಿದರೆ ಉಳಿದವರ ಹೆಗಲೇ ಗತಿ.

ನಾನು ಹೋದಾಗ ನಡೆದದ್ದು ಹೇಳುತ್ತೇನೆ. ತುದಿ ಎದುರಿಗೇ ಕಾಣುತ್ತಿತ್ತು, ಬಿಸಿಲೂ ಚೆನ್ನಾಗಿತ್ತು. ಗೈಡ್ ನಿಂತು ಪಡುವಣದ ಕಣಿವೆಯನ್ನೇ ದಿಟ್ಟಿಸಿದ. ಕೆಳಗೆ ಬೆಳ್ಳಗೆ ಒಂದು ಗೆರೆ ಮೇಲೇಳುತ್ತಿತ್ತು, ನಮಗದು ಚೆಂದದ ನೋಟ. ಅವನು, ‘ಇಲ್ಲೇ ಕೂತ್ಕೊಳ್ಳಿ, ಯಾರೂ ಏಳ್ಬೇಡಿ’ ಅಂದ. ತಂಡದಲ್ಲಿದ್ದ ಒಬ್ಬರು, ಇಷ್ಟು ಹತ್ತಿರ ಬಂದು ಕೂರುವುದೇನು ಎಂದು ವಾದಕ್ಕೆ ನಿಂತರು. ವಾದ ಮುಗಿಯುವ ಮೊದಲೇ ಮಂಜು ಬಂತು. ಮೂರು ಮಾರು ದೂರ ಕೂತವರ ಕೆಂಪು ಚೀಲ ಮೊದಲು ಬೂದಿಬಣ್ಣವಾಯಿತು, ಆಮೇಲೆ ಕಾಣಲೇ ಇಲ್ಲ. ದನಿ ಮಾತ್ರ ಕೇಳುತ್ತಿತ್ತು, ಅದೂ ಯಾವ ದಿಕ್ಕಿನಿಂದ ಎಂದು ತಿಳಿಯುತ್ತಿರಲಿಲ್ಲ. ಅರಬ್ಬಿ ಸಮುದ್ರದ ಗಾಳಿ ಘಟ್ಟದ ಗೋಡೆಗೆ ಬಡಿದು ಮೇಲೇರುತ್ತದೆ, ಏರುತ್ತ ತಣ್ಣಗಾಗಿ ಮೋಡವಾಗುತ್ತದೆ. ಸಮುದ್ರಕ್ಕೆ ಮುಖ ಮಾಡಿ ನಿಂತ ಆ ಬೆಟ್ಟದಲ್ಲಿ ಇದು ಯಾವ ಗಳಿಗೆಯಲ್ಲೂ ಆಗಬಹುದು. ಬಹಳ ಹೊತ್ತು ಕಾದರೂ ಮಂಜು ತೆರೆಯಲಿಲ್ಲ. ಗೈಡ್ ಗಡಿಯಾರ ನೋಡಿ, ‘ತಿರುಗೋಣ’ ಅಂದ. ಒಬ್ಬರ ಚೀಲ ಒಬ್ಬರು ಹಿಡಿದು ಇಳಿದೆವು. ಬೆಳಕಿರುವಾಗಲೇ ಕಾಡಿನ ಹಳ್ಳಗಳನ್ನು ದಾಟಿ ಮುಳ್ಳೋಡಿ ಸೇರಿದೆವು. ಮುಂದೊಂದು ಸಲ ಹೋಗಿ ತುದಿಯನ್ನೂ ಮುಟ್ಟಿದೆ. ಬೆಟ್ಟ ಅಲ್ಲೇ ಇತ್ತು.

ಸಿಡಿಲಿನ ವಿಷಯ ನಿಮಗೆ ಬೇರೆ ಹೇಳಬೇಕಿಲ್ಲ. ಹೊಲದ ಮರದ ಕೆಳಗೆ ನಿಂತ ರೈತರನ್ನು, ಕಟ್ಟಿದ ಎತ್ತುಗಳನ್ನು ಸಿಡಿಲು ತೆಗೆದುಕೊಂಡದ್ದು ನಮ್ಮ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಕುದುರೆಮುಖದ ಹಾದಿಯಲ್ಲಿ ‘ಒಂಟಿಮರ’ ಎಂಬ ಜಾಗವಿದೆ. ಎಲ್ಲರೂ ಕೂತು ಫೋಟೋ ತೆಗೆಸಿಕೊಳ್ಳುವ ತಾಣ. ಗುಡುಗು ಕೇಳಿದರೆ ಅಲ್ಲಿಗೆ ಓಡಬೇಡಿ. ಬೋಳು ದಿನ್ನೆಯ ಮೇಲೂ ನಿಲ್ಲಬೇಡಿ. ಗೈಡ್ ತೋರಿಸಿದ ತಗ್ಗಿಗೆ ಇಳಿದು, ಗುಂಪುಗೂಡದೆ ದೂರ ದೂರ ಕುಕ್ಕುರುಗಾಲಲ್ಲಿ ಕೂರಿ.

ನಡಿಗೆಯ ಕ್ರಮದ ಬಗ್ಗೆ ಒಂದು ಮಾತು. ಎಲ್ಲಕ್ಕಿಂತ ನಿಧಾನ ನಡೆಯುವವರು ಗೈಡ್‌ನ ಬೆನ್ನಿಗೇ ಇರಲಿ, ಎಲ್ಲಕ್ಕಿಂತ ಗಟ್ಟಿಯಾದವರು ಕೊನೆಯಲ್ಲಿ. ಸಾಮಾನ್ಯವಾಗಿ ನಡೆಯುವುದು ಇದರ ಉಲ್ಟಾ. ಗಟ್ಟಿಗರು ಮುಂದೆ ಓಡುತ್ತಾರೆ, ಒಂದು ಬಂಡೆಯ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಾರೆ. ಹಿಂದಿನವಳು ಏದುಸಿರು ಬಿಡುತ್ತ ಬಂದು ಮುಟ್ಟುವಷ್ಟರಲ್ಲಿ ‘ನಡೀರಿ, ನಡೀರಿ’ ಎಂದು ಎದ್ದುಬಿಡುತ್ತಾರೆ. ಎಲ್ಲರಿಗಿಂತ ಹೆಚ್ಚು ವಿಶ್ರಾಂತಿ ಬೇಕಾದವಳಿಗೆ ಒಂದು ಗಳಿಗೆಯೂ ಸಿಗುವುದಿಲ್ಲ. ಅವಳು ಬಾಯಿಬಿಟ್ಟು ಹೇಳುವುದೂ ಇಲ್ಲ, ತನ್ನಿಂದ ತಡವಾಯಿತೆಂಬ ನಾಚಿಕೆ. ಕಾಲು ತಪ್ಪುವುದು ಅಂಥ ಹೊತ್ತಿನಲ್ಲಿ. ‘ನಿನ್ನಿಂದ ತಡ ಆಯ್ತು’ ಎಂಬ ಮಾತು ನಿಮ್ಮ ತಂಡದಲ್ಲಿ ತಮಾಷೆಗೂ ಬರಬಾರದು.

ಬುತ್ತಿಗೆ ನಮ್ಮ ಕಟಕ ರೊಟ್ಟಿ, ಶೇಂಗಾ ಹಿಂಡಿಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಕೆಡುವುದಿಲ್ಲ, ಹಗುರ, ಹಿಂಡಿಯಲ್ಲಿ ಉಪ್ಪೂ ಇದೆ. ಒಬ್ಬೊಬ್ಬರಿಗೆ ಮೂರು ಲೀಟರ್ ನೀರು, ಜೊತೆಗೆ ಓಆರ್‌ಎಸ್ ಪುಡಿ. ನಮ್ಮ ಬಿಸಿಲಿನಲ್ಲಿ ಬೆವರು ಬಂದ ಕೂಡಲೇ ಆರುತ್ತದೆ, ಮೈ ತಂಪಾಗುತ್ತದೆ. ಅಲ್ಲಿಯ ತೇವದ ಗಾಳಿಯಲ್ಲಿ ಬೆವರು ಆರದೆ ಸುರಿಯುತ್ತಲೇ ಇರುತ್ತದೆ, ಅದರ ಜೊತೆ ಉಪ್ಪೂ ಹೋಗುತ್ತದೆ. ಬರೀ ನೀರು ಕುಡಿದರೆ ಸಾಲದು. ಇಂಬಳ, ಅಂದರೆ ಜಿಗಣೆ, ಕಚ್ಚಿದರೆ ಕೂಗಾಡಬೇಡಿ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶವಿದೆ, ಅದಕ್ಕೇ ಬಿಡಿಸಿದ ಮೇಲೂ ಸ್ವಲ್ಪ ಹೊತ್ತು ರಕ್ತ ಬರುತ್ತದೆ, ನಿಲ್ಲುತ್ತದೆ. ಪ್ಲಾಸ್ಟಿಕ್ ಒಯ್ದರೆ ಅದು ನಿಮ್ಮ ಚೀಲದಲ್ಲೇ ವಾಪಸ್ ಬರಬೇಕು. ಸಾರಾಯಿ ತರುವವನಿದ್ದರೆ ಅವನನ್ನು ಹಲಬರ್ಗಾ ಸ್ಟೇಷನ್ನಿನಲ್ಲೇ ಬಿಟ್ಟು ಹೋಗಿ.

ಮೇಲೆ ಹೋದಾಗ ಕಣ್ಣುತುಂಬ ನೋಡಿ. ಮಗ್ಗುಲುಗಳಲ್ಲೆಲ್ಲ ಹುಲ್ಲು, ಮಡಿಕೆ ಮಡಿಕೆಯ ಸಂದಿಯಲ್ಲಿ ಶೋಲಾ ಎಂಬ ಕಾಡು. ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲೂ ಹಳ್ಳಗಳಿಗೆ ಬಿಡುವುದು ಈ ಜೋಡಿಯೇ. ಅದೇ ಸಾಲಿನ ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿ ಹುಟ್ಟುತ್ತವೆ. ಆ ನೀರು ನಮ್ಮ ಊರಿಗೆ ಬರುವುದಿಲ್ಲ, ನಮ್ಮ ಕಾರಂಜಾ ಹೊಳೆ ಮಾಂಜ್ರಾ ಸೇರಿ ಗೋದಾವರಿಗೆ ಹೋಗುತ್ತದೆ. ಆದರೆ ಬೇಸಿಗೆಯಲ್ಲಿ ಒಂದು ಕೊಡ ನೀರಿಗೆ ಕಾದವರಿಗೆ ಹರಿಯುವ ನೀರಿನ ಬೆಲೆ ಬೇರೆಯವರು ಹೇಳಬೇಕಾಗಿಲ್ಲ. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವಾಯಿತು. ಆ ಬೆಟ್ಟಗಳಲ್ಲೇ ಕಬ್ಬಿಣದ ಅದಿರು ಅಗೆಯುವುದು ನಡೆದಿತ್ತು. ಜನ ಹೋರಾಡಿದರು, 2002ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಲು ಹೇಳಿತು, 2005ರ ಕೊನೆಗೆ ಗಣಿಗಾರಿಕೆ ನಿಂತಿತು. ನೀವು ತುಳಿಯುವ ಹುಲ್ಲು ಹಾಗೆ ಉಳಿದದ್ದು. ರೀಲ್ಸ್‌ಗಾಗಿ ಹಾದಿ ಬಿಟ್ಟು ಅಂಚಿಗೆ ಹೋಗಬೇಡಿ. ಹೋದವರೆಲ್ಲ ಮರಳಿಲ್ಲ.

ಇಳಿದು ಮುಳ್ಳೋಡಿಗೆ ಬಂದ ಮೇಲೆ ಜೀಪು ಹತ್ತುವ ಮೊದಲು ತಲೆ ಎಣಿಸಿ. ಗೈಡ್‌ನ ಹಣ ಅವನ ಕೈಗೇ ಕೊಡಿ. ಫೋನ್ ಹತ್ತುವ ಜಾಗ ಸಿಕ್ಕ ಕೂಡಲೇ ಮನೆಗೆ ಮಾತಾಡಿ. ಅವ್ವಂದಿರು ಮುಂಜಾನೆಯಿಂದ ಅದನ್ನೇ ಕಾಯುತ್ತಿರುತ್ತಾರೆ. ಊರಿಗೆ ಬಂದ ಮೇಲೆ ನಮ್ಮನೆಗೆ ಬರ್ರಿ. ತುದಿ ಮುಟ್ಟಿದ್ದರೆ ಏನು ಕಂಡಿತು ಎಂದು ಹೇಳಿ. ನಡುವೆ ತಿರುಗಿ ಬಂದಿದ್ದರೆ ಎಲ್ಲಿಂದ, ಯಾಕೆ, ಗೈಡ್ ಏನಂದ ಎಂಬುದನ್ನೂ ಮುಚ್ಚಿಡದೆ ಎಲ್ಲರೆದುರಿಗೇ ಹೇಳಿ. ಮುಂದಿನ ವರ್ಷ ಹೊರಡುವವರು ಈಗಲೇ ತಯಾರಿದ್ದಾರೆ, ಅವರಿಗೆ ಅದು ಬೇಕಾಗುತ್ತದೆ.