ದೀರ್ಘಕಾಲದ ನಡುನೋವು: ಶಸ್ತ್ರರಹಿತ ಚಿಕಿತ್ಸೆಗಳು

ಉದ್ಯೋಗಾರ್ಥವಾಗಿ ಮಹಾನಗರಗಳಲ್ಲಿ ನೆಲಸಿದವರಲ್ಲಿ ನಡುನೋವನ್ನು ಅರಿಯದವರು ವಿರಳ. ರೈಲಿನ ನೂಕುನುಗ್ಗಲಿನಲ್ಲಿ ನಿಂತು, ಹಗಲೆಲ್ಲ ಕುರ್ಚಿಯಲ್ಲಿ ಕುಳಿತು ದಣಿದ ಶರೀರವು ಒಂದಲ್ಲ ಒಂದು ದಿನ ದೂರು ಸಲ್ಲಿಸಿಯೇ ತೀರುತ್ತದೆ. ಬಹುಮಂದಿಗೆ ಕೆಲವೇ ವಾರಗಳಲ್ಲಿ ಅದು ಶಮನವಾಗುವುದು. 12 ವಾರಗಳು ಕಳೆದರೂ ಉಳಿದುದನ್ನು ವೈದ್ಯರು ದೀರ್ಘಕಾಲದ ನೋವೆಂದು ಎಣಿಸುತ್ತಾರೆ. ಪ್ರಾವಿಡೆಂಟ್ ಫಂಡಿನ ಹಣ ತೆಗೆದಾದರೂ ಶಸ್ತ್ರಚಿಕಿತ್ಸೆ ಮಾಡಿಸಬೇಕೇ ಎಂಬ ಚಿಂತೆ ಮನೆಯನ್ನು ಆವರಿಸುವುದು ಆಗಲೇ.

ಈ ಚಿಂತೆಯನ್ನು ಬೆಳೆಸುವುದು ಅನೇಕ ವೇಳೆ ಎಂ.ಆರ್.ಐ. ವರದಿ. ‘ಡಿಸ್ಕ್ ಉಬ್ಬಿದೆ’ ಎಂಬ ಒಂದು ವಾಕ್ಯವೇ ರೋಗಿಯನ್ನು ಹಾಸಿಗೆಗೆ ಕೆಡಹಬಲ್ಲುದು. ಆದರೆ 1994ರಲ್ಲಿ ಅಮೆರಿಕದ ಸಂಶೋಧಕರು ಬೆನ್ನುನೋವೇ ಇಲ್ಲದ 98 ಮಂದಿಯನ್ನು ಪರೀಕ್ಷಿಸಿದಾಗ, ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಇಂತಹ ಉಬ್ಬು ಕಂಡುಬಂದಿತು! ಉಬ್ಬು ಕಂಡ ಮಾತ್ರಕ್ಕೆ ಅದೇ ನೋವಿನ ಮೂಲವೆಂದು ತೀರ್ಮಾನಿಸುವುದು ಆತುರವಾದೀತು.

ನಿರ್ದಿಷ್ಟ ರೋಗಕಾರಣ ಕಾಣದ ಇಂತಹ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆಯು 2023ರ ಡಿಸೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿತು. ರೋಗಿಗೆ ತಿಳಿವಳಿಕೆ, ಕ್ರಮಬದ್ಧ ವ್ಯಾಯಾಮ, ಅಂಗಮರ್ದನ, ನೋವಿನ ಭಯವನ್ನು ತಿದ್ದುವ ಮನೋಚಿಕಿತ್ಸೆ, ಉರಿಯೂತಶಾಮಕ ಗುಳಿಗೆ, ಇವು ಅದರಲ್ಲಿ ಸ್ಥಾನ ಪಡೆದಿವೆ. ಗುಳಿಗೆಯನ್ನು ಮಾತ್ರ ವೈದ್ಯರನ್ನು ಕೇಳಿಯೇ ಸೇವಿಸಬೇಕು. ಜಠರಕ್ಕೂ ಮೂತ್ರಪಿಂಡಕ್ಕೂ ಅದರಿಂದ ಅಪಾಯವುಂಟು. ಸೊಂಟದ ಪಟ್ಟಿ, ಬೆನ್ನನ್ನು ಎಳೆಯುವ ಟ್ರ್ಯಾಕ್ಷನ್, ಅಫೀಮು ವರ್ಗದ ಔಷಧಗಳನ್ನು ಸಾಮಾನ್ಯ ಚಿಕಿತ್ಸೆಯಾಗಿ ಬಳಸಬಾರದೆಂದೂ ಅದು ಹೇಳಿದೆ. ಎಷ್ಟೋ ಮನೆಗಳ ಕಪಾಟಿನಲ್ಲಿ ಮಡಿಚಿಟ್ಟ ಪಟ್ಟಿಗಳಿಗೆ ತೆತ್ತ ಹಣ ಖರ್ಚಿನ ಬಾಬಿಗೇ ಸೇರಿತೆನ್ನಬೇಕು.

ವ್ಯಾಯಾಮವೆಂದೊಡನೆ ರೋಗಿ ಹಿಂಜರಿಯುವುದು ಸಹಜ. ನೋವಾದರೆ ಹಾನಿಯಾಯಿತೆಂದೇ ಅವನ ಭಾವನೆ. ಆ ಭಯದಿಂದ ಮಲಗಿದಷ್ಟೂ ಬೆನ್ನಿನ ಸ್ನಾಯುಗಳು ಸೊರಗುತ್ತವೆ. ಸೊರಗಿದ ಸ್ನಾಯು ಅಲ್ಪ ಶ್ರಮಕ್ಕೇ ನೋಯುತ್ತದೆ. ಯೋಗಾಸನವೋ, ಈಜೋ, ಫಿಸಿಯೋಥೆರಪಿಸ್ಟರು ಕಲಿಸಿದ ವ್ಯಾಯಾಮವೋ ಎಂಬುದಕ್ಕಿಂತ, ಬಿಡದೆ ಮಾಡುವುದೇ ಮುಖ್ಯ. ಮೊದಲು 10 ನಿಮಿಷದ ನಡಿಗೆಯಾದರೂ ಸರಿ, ವಾರವಾರಕ್ಕೆ ಅದನ್ನು ಬೆಳೆಸಬೇಕು. 2024ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಅಧ್ಯಯನವೊಂದರಲ್ಲಿ, ನಡುನೋವಿನಿಂದ ಗುಣವಾದ 701 ಮಂದಿಯ ಪೈಕಿ ಮಾರ್ಗದರ್ಶನದೊಡನೆ ನಡಿಗೆ ಕೈಗೊಂಡವರಿಗೆ ನೋವು ಮರುಕಳಿಸಲು ಸರಾಸರಿ 208 ದಿನಗಳು ಹಿಡಿದವು, ಉಳಿದವರಿಗೆ 112. ಬಸ್ಸಿನಿಂದ ಒಂದು ನಿಲ್ದಾಣ ಮೊದಲೇ ಇಳಿಯುವವನಿಗೆ ಇದಕ್ಕೆ ಪ್ರತ್ಯೇಕ ಖರ್ಚಿಲ್ಲ.

ಕಾಲುಗಳಲ್ಲಿ ಬಲ ಕುಂದುವುದು, ತೊಡೆಸಂದಿಯ ಸುತ್ತ ಸ್ಪರ್ಶಜ್ಞಾನ ಕಳೆಯುವುದು, ಮಲಮೂತ್ರಗಳ ಹಿಡಿತ ತಪ್ಪುವುದು, ಇವು ಕಂಡರೆ ಮಾತ್ರ ಮೇಲಿನ ಯಾವ ಮಾತೂ ಅನ್ವಯಿಸದು. ಅಂತಹವರನ್ನು ಅದೇ ದಿನ ಆಸ್ಪತ್ರೆಗೆ ಸೇರಿಸಬೇಕು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವಿಕೆ ಜೊತೆಗಿದ್ದರೂ ವೈದ್ಯರನ್ನು ಕಾಣಲು ತಡಮಾಡಬಾರದು.